ಕಿವಿಗೆ ಕಂಡ ಶ್ರೀರಂಗಪಟ್ಟಣ

ಶ್ರೀರಂಗಪಟ್ಟಣವನ್ನು ನೋಡದ ವಾಚಕರು ನಮ್ಮ ನಾಡಿನಲ್ಲಿ ವಿರಳ. ಆದಿರಂಗನ ದರ್ಶನಕ್ಕೆಂದೋ, ಕೋಟೆಯನ್ನೂ ಗುಂಬಜನ್ನೂ ನೋಡುವುದಕ್ಕೆಂದೋ, ಸಂಗಮದಲ್ಲಿ ಪಿತೃಕಾರ್ಯಕ್ಕೆಂದೋ ಒಂದಲ್ಲ ಒಂದು ಸಲ ಅಲ್ಲಿಗೆ ಹೋಗಿಬಂದವರೇ ಹೆಚ್ಚು. ನಾವೂ ಹಾಗೆ ಹತ್ತಾರು ಸಲ ಹೋಗಿದ್ದೆವು. ಆದರೆ ಕಳೆದ ಫಾಲ್ಗುಣ ಮಾಸದಲ್ಲಿ ನಾವು ಅಲ್ಲಿಗೆ ಹೋದದ್ದು ಆ ಊರನ್ನು ಕೇಳುವುದಕ್ಕಾಗಿ. ಮೂರು ದಿನ ಅಲ್ಲಿಯೇ ತಂಗಿದ್ದು, ಊರಿನ ಸದ್ದುಗಳನ್ನು ಒಂದೊಂದಾಗಿ ಆಯ್ದು, ಅಂಗೈಯಗಲದ ಒಂದು ಯಂತ್ರದಲ್ಲಿ ತುಂಬಿಕೊಂಡು ಬಂದೆವು. ಇಂಥ ವಿಚಿತ್ರವಾದ ಯಾತ್ರೆಗೆ ಕಾರಣವೇನೆಂಬುದನ್ನು ಮೊದಲು ಅರಿಕೆಮಾಡಬೇಕು.

ನಮ್ಮ ಅಣ್ಣನ ಮಗನಿಗೆ ಈಗ ಇಪ್ಪತ್ತಾರು ವರ್ಷ. ಒಂಬತ್ತನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ಅವನ ಕಣ್ಣು ಹೋಯಿತು. ಅವನು ಓದು ಬಿಡಲಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರದ ನೆರವಿನಿಂದ ಕಂಪ್ಯೂಟರಿನ ವಿದ್ಯೆಯನ್ನು ಕಲಿತು, ಹಗಲು ಉದ್ಯೋಗ, ರಾತ್ರಿ ಹವ್ಯಾಸವೆಂದು ಮೈಸೂರಿನಲ್ಲಿ ನಮ್ಮೊಡನೆಯೇ ಇದ್ದಾನೆ. ಹವ್ಯಾಸವೆಂದರೆ ಆಡಿಯೋ ಗೇಮ್ ತಯಾರಿಸುವುದು. ನಾವು ಇದನ್ನು ಧ್ವನಿಯಾಟವೆಂದು ಕರೆಯೋಣ. ಈ ಆಟದಲ್ಲಿ ಚಿತ್ರವೆಂಬುದೇ ಇಲ್ಲ. ಎರಡು ಕಿವಿಗೂ ಹೆಡ್‌ಫೋನು ಹಾಕಿಕೊಂಡು, ಬಾಗಿಲು ಎಡಕ್ಕಿದೆ, ಹೊಳೆ ಬಲಕ್ಕಿದೆ, ಹಿಂದೆ ಯಾರೋ ಬರುತ್ತಿದ್ದಾರೆ ಎಂಬುದನ್ನು ಸದ್ದಿನಿಂದಲೇ ತಿಳಿದು ನಡೆಯಬೇಕು. ಒಂದು ಪಕ್ಕದಿಂದ ಬಂದ ಸದ್ದು ಆ ಕಿವಿಗೆ ಮೊದಲು ತಾಕಿ, ಇನ್ನೊಂದು ಕಿವಿಗೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೂ ಕಡಿಮೆಯಾದ ಅಂತರದಲ್ಲಿ ತಾಕುತ್ತದೆ. ಅಷ್ಟು ಅಲ್ಪವಾದ ಅಂತರದಿಂದಲೇ ನಮ್ಮ ಮನಸ್ಸು ದಿಕ್ಕನ್ನು ಗ್ರಹಿಸುತ್ತದೆ. ಆಟದ ತಂತ್ರವೆಲ್ಲ ಈ ಗುಟ್ಟಿನ ಮೇಲೆ ನಿಂತಿದೆ.

ಇದು ಕೇವಲ ನಮ್ಮ ಹುಡುಗನ ಕಲ್ಪನೆಯೆಂದು ವಾಚಕರು ತಿಳಿಯಬಾರದು. ಜಪಾನಿನಲ್ಲಿ ಕೆಂಜಿ ಎನೊ ಎಂಬವರು ೧೯೯೭ರಲ್ಲಿಯೇ ಚಿತ್ರವಿಲ್ಲದ ಒಂದು ಆಟವನ್ನು ಹೊರತಂದರು. ಕಣ್ಣುಳ್ಳವರೂ ಇಲ್ಲದವರೂ ಸರಿಸಮವಾಗಿ ಆಡಲೆಂಬುದು ಅವರ ಉದ್ದೇಶ. ೨೦೧೦ರಲ್ಲಿ ಲಂಡನ್ನಿನಿಂದ ‘ಪಾಪಾ ಸಾಂಗ್ರೆ’ ಎಂಬುದೂ, ೨೦೨೧ರಲ್ಲಿ ಕೆನಡಾದಿಂದ ‘ದಿ ವೇಲ್’ ಎಂಬುದೂ ಬಂದು ಹೆಸರು ಪಡೆದವು. ಇವಲ್ಲದೆ ಯಾವ ಸಂಸ್ಥೆಯ ಹಣವೂ ಇಲ್ಲದೆ, ಒಬ್ಬಿಬ್ಬರೇ ಮನೆಯಲ್ಲಿ ಕುಳಿತು ತಯಾರಿಸಿದ ಆಟಗಳೂ ಬಹಳವಾಗಿವೆ. ಅಂಥವರಿಗೆ ಇರುವ ದೊಡ್ಡ ತೊಡಕೆಂದರೆ ಸದ್ದನ್ನು ಎಲ್ಲಿಂದ ತರಬೇಕೆಂಬುದು.

ನಮ್ಮ ಹುಡುಗನ ಆಟದ ಕಥೆ ಸರಳವಾದುದು. ಸುಮಾರು ಐವತ್ತು ವರ್ಷದ ಹಿಂದೆ, ದೀಪವಾರಿದ ಒಂದು ರಾತ್ರಿ, ಶ್ರೀರಂಗಪಟ್ಟಣದ ಒಬ್ಬ ಹುಡುಗಿ ಕಾಯಿಲೆಯ ತಾತನಿಗೆ ಹೊಳೆಯಾಚೆಯಿಂದ ಔಷಧಿಯನ್ನು ತರಬೇಕು. ಕೋಟೆಯ ಹಾಳು, ಕಲ್ಲುಬೀದಿ, ಸೋಪಾನ, ಹರಿಗೋಲು ಎಲ್ಲವನ್ನೂ ದಾಟಿ ಹೋಗಿ, ಕತ್ತಲಲ್ಲಿಯೇ ಮನೆಗೆ ಹಿಂದಿರುಗಬೇಕು. ಮನೆಯ ಗುರುತೆಂದರೆ ಅಜ್ಜಿ ಬಾವಿಯಲ್ಲಿ ನೀರು ಸೇದುವ ರಾಟೆಯ ಸದ್ದು. ಮೊಮ್ಮಗಳಿಗೆ ದಾರಿ ತಿಳಿಯಲೆಂದು ಅಜ್ಜಿ ಅಂದು ರಾತ್ರಿಯೆಲ್ಲ ನೀರು ಸೇದುತ್ತಾಳೆ.

ಇದಕ್ಕೆ ಬೇಕಾದ ಸದ್ದುಗಳನ್ನು ಅವನು ಮೊದಲು ಎಲ್ಲರೂ ತರುವಲ್ಲಿಂದಲೇ ತಂದಿದ್ದನು. ಸ್ಪೇನ್ ದೇಶದ ಬಾರ್ಸೆಲೋನಾ ನಗರದ ಒಂದು ವಿಶ್ವವಿದ್ಯಾಲಯದವರು ೨೦೦೫ರಲ್ಲಿ ‘ಫ್ರೀಸೌಂಡ್’ ಎಂಬ ಧ್ವನಿಭಂಡಾರವನ್ನು ತೆರೆದರು. ಲೋಕದ ನಾನಾ ಕಡೆಯ ಜನರು ತಾವು ಹಿಡಿದ ಸದ್ದುಗಳನ್ನು ಅದರಲ್ಲಿ ದಾನವಾಗಿ ಇಡುತ್ತಾರೆ. ಕೆಲವರು ಯಾವ ನಿಬಂಧನೆಯೂ ಇಲ್ಲದೆ ಕೊಡುವರು. ಕೆಲವರು ತಮ್ಮ ಹೆಸರನ್ನು ಹೇಳಬೇಕೆನ್ನುವರು. ಮತ್ತೆ ಕೆಲವರು ಹೆಸರನ್ನೂ ಹೇಳಬೇಕು, ಅದರಿಂದ ಹಣವನ್ನೂ ಮಾಡಬಾರದು ಎನ್ನುವರು. ಬಿ.ಬಿ.ಸಿ.ಯವರು ೨೦೧೮ರಲ್ಲಿ ತಮ್ಮ ಹಳೆಯ ಸಂಗ್ರಹದಿಂದ ೧೬,೦೦೦ ಸದ್ದುಗಳನ್ನು ಹೊರಗಿಟ್ಟರು. ಅವು ಸ್ವಂತ ಉಪಯೋಗಕ್ಕೂ ವಿದ್ಯಾಭ್ಯಾಸಕ್ಕೂ ಸಂಶೋಧನೆಗೂ ಉಚಿತ; ಮಾರುವ ಪದಾರ್ಥದಲ್ಲಿ ಸೇರಿಸಬೇಕಾದರೆ ಬೇರೆ ಅನುಮತಿಯನ್ನು ಪಡೆಯಬೇಕು. ಅಲ್ಪ ಬೆಲೆಗಾದರೂ ಆಟವನ್ನು ಮಾರಬೇಕೆಂದಿದ್ದ ಹುಡುಗನು ಈ ನಿಬಂಧನೆಗಳನ್ನೆಲ್ಲ ಓದಿ, ಯೋಗ್ಯವಾದವನ್ನು ಮಾತ್ರ ಆರಿಸಿಕೊಂಡಿದ್ದನು. ಆರು ತಿಂಗಳಿನಲ್ಲಿ ಆಟ ಸಿದ್ಧವಾಯಿತು.

ಪರೀಕ್ಷೆಗೆಂದು ಅವನು ಅದನ್ನು ಮೊದಲು ಕೊಟ್ಟದ್ದು ತನ್ನ ಹಳೆಯ ಸಂಗೀತದ ಮೇಷ್ಟರಿಗೆ. ಅವರು ಹುಟ್ಟು ಕುರುಡರು. ಈಗ ವಯಸ್ಸು ಎಪ್ಪತ್ತನ್ನು ದಾಟಿದೆ. ಕಾಲು ಗಂಟೆಯ ಹೊತ್ತು ಕೇಳಿದವರೇ ಹೆಡ್‌ಫೋನು ತೆಗೆದು, “ಮಗು, ಈ ಊರು ಯಾವ ದೇಶದ್ದಪ್ಪಾ?” ಎಂದರು.

ಹುಡುಗ ಪೆಚ್ಚಾದನು. ಮೇಷ್ಟರು ಒಂದೊಂದನ್ನೇ ಎತ್ತಿ ತೋರಿಸಿದರು. ಬೆಳಗಿನ ಜಾವ ಕೂಗುವ ಹಕ್ಕಿಗಳಲ್ಲಿ ಒಂದಾದರೂ ನಮ್ಮದಲ್ಲ; ಕಾಗೆಯಿಲ್ಲ, ಗೊರವಂಕವಿಲ್ಲ. ದೇವಸ್ಥಾನದ ಘಂಟೆಯೆಂದು ಇಟ್ಟಿರುವುದು ಇಗರ್ಜಿಯ ಘಂಟೆ. ಹುಡುಗಿಯ ಹೆಜ್ಜೆ ಮರದ ನೆಲದ ಮೇಲೆ ಬೂಟು ಹಾಕಿ ನಡೆದಂತಿದೆ. “ಹೊಳೆಯೂ ಕಾವೇರಿಯಲ್ಲ. ರಾಟೆಯಂತೂ ಯಾವುದೋ ಹಡಗಿನದು. ಕಣ್ಣಿರುವವನಿಗೆ ಊರಿನ ಚಿತ್ರ ತೋರಿಸಿ ಹೆಸರು ಹೇಳಿದರೆ ನಂಬುತ್ತಾನೆ. ನಾನು ಯಾವುದನ್ನು ನಂಬಲಿ?” ಎಂದು ಅವರು ಮೃದುವಾಗಿಯೇ ಕೇಳಿದರು. ಆ ರಾತ್ರಿ ಹುಡುಗ ಊಟಮಾಡಲಿಲ್ಲ. ಮರುದಿನ ಬೆಳಗ್ಗೆ, “ಚಿಕ್ಕಪ್ಪಾ, ಪಟ್ಟಣಕ್ಕೆ ಹೋಗಬೇಕು. ನೀವೂ ಚಿಕ್ಕಮ್ಮನೂ ಬರುತ್ತೀರಾ?” ಎಂದನು.

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು ೧೫ ಕಿಲೋಮೀಟರು. ಕಾವೇರಿಯು ಊರಿನ ಪಶ್ಚಿಮದಲ್ಲಿ ಎರಡು ಕವಲಾಗಿ ಒಡೆದು, ದ್ವೀಪವನ್ನು ಬಳಸಿ, ಪೂರ್ವದ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಆದುದರಿಂದ ಊರಿನ ಯಾವ ಮೂಲೆಯಲ್ಲಿ ನಿಂತರೂ ಹೊಳೆಯ ಸದ್ದು ಕೇಳಿಬರಬೇಕೆಂದು ನಾವು ಭಾವಿಸಿದ್ದೆವು. ಪರಿಚಿತರೊಬ್ಬರ ಮನೆಯಲ್ಲಿ ಗಂಟುಮೂಟೆಯನ್ನಿಳಿಸಿ, ಮಧ್ಯಾಹ್ನವೇ ಕೆಲಸಕ್ಕೆ ತೊಡಗಿದೆವು. ಸಂಜೆಯವರೆಗೆ ದೇವಸ್ಥಾನದ ಮುಂದೆ, ಕೋಟೆಯ ಬಾಗಿಲಲ್ಲಿ, ಸೋಪಾನದ ಮೇಲೆ ಎಂದು ಇಪ್ಪತ್ತು ಕಡೆ ಸದ್ದನ್ನು ಹಿಡಿದೆವು. ರಾತ್ರಿ ಕುಳಿತು ಕೇಳಿದರೆ ಒಂದಾದರೂ ಕೆಲಸಕ್ಕೆ ಬರುವಂತಿರಲಿಲ್ಲ! ಗಾಳಿಯು ಮೈಕಿಗೆ ಬಡಿದು ಗುಡುಗುಟ್ಟಿತ್ತು. ನಮ್ಮ ಮನೆಯವರ ಬಳೆಯ ಸದ್ದು ಎಲ್ಲದರಲ್ಲಿಯೂ ಇತ್ತು. ನಮ್ಮ ಕೆಮ್ಮು ಮೂರು ಕಡೆ ಇತ್ತು. ಎಲ್ಲಕ್ಕೂ ಹಿಂದೆ ಮೋಟಾರುಗಳ ಮೊರೆತ ಒಂದೇ ಸಮನೆ ಕೇಳುತ್ತಿತ್ತು. ಅದು ಅಲ್ಲಿದ್ದಾಗ ನಮ್ಮ ಗಮನಕ್ಕೇ ಬಂದಿರಲಿಲ್ಲ. ಬೇಡವಾದುದನ್ನು ಕಿವಿಯು ತಾನಾಗಿಯೇ ತಳ್ಳಿಬಿಡುತ್ತದೆ. ಯಂತ್ರಕ್ಕೆ ಆ ವಿವೇಕವಿಲ್ಲ.

ಹುಡುಗನು ಎದೆಗುಂದಲಿಲ್ಲ. ಮೈಕಿಗೆ ರೋಮದ ಕುಲಾವಿಯೊಂದನ್ನು ತೊಡಿಸಿದನು. ಗಾಳಿಯ ಪೆಟ್ಟನ್ನು ತಡೆಯಲು ಇದೇ ಉಪಾಯ. ಬಳೆಗಳನ್ನು ತೆಗೆದಿಡಲು ಚಿಕ್ಕಮ್ಮ ಒಪ್ಪಲಿಲ್ಲವಾಗಿ, ಅವುಗಳ ಮೇಲೆ ಕರವಸ್ತ್ರವನ್ನು ಸುತ್ತಿದ್ದಾಯಿತು. ಮತ್ತೆ ಅವನು ನಮಗೆ ಮೂರು ನಿಯಮಗಳನ್ನು ವಿಧಿಸಿದನು. ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು. ಪ್ರತಿಯೊಂದು ಸದ್ದಿನ ಮೊದಲಲ್ಲಿ ಸ್ಥಳವನ್ನೂ ಹೊತ್ತನ್ನೂ ಬಾಯಲ್ಲಿ ಹೇಳಬೇಕು. ಇಲ್ಲದಿದ್ದರೆ ಆಮೇಲೆ ಯಾವುದು ಎಲ್ಲಿಯದೆಂದು ತಿಳಿಯದು. ಅನಂತರ ಎರಡು ನಿಮಿಷ ಉಸಿರನ್ನೂ ಮೆಲ್ಲಗೆ ಬಿಡುತ್ತ ನಿಲ್ಲಬೇಕು. ಹೀಗೆ ದೀರ್ಘವಾಗಿ ಹಿಡಿದರೆ ಮಾತ್ರ ಹೊಳೆಯ ಸದ್ದನ್ನು ಆಟದಲ್ಲಿ ಹೊಲಿಗೆ ಕಾಣದಂತೆ ಮತ್ತೆ ಮತ್ತೆ ಸುತ್ತಿಸಬಹುದು.

ಎರಡನೆಯ ದಿನ ನಕ್ಷತ್ರಗಳು ಮಾಸುವ ಮೊದಲೇ ವೆಲ್ಲೆಸ್ಲಿ ಸೇತುವೆಯ ಬಳಿಗೆ ಹೋದೆವು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, ೧೮೦೪ರಲ್ಲಿ ಮುಗಿದ ಈ ಸೇತುವೆಯ ಕಲ್ಲುಕಂಬಗಳ ನಡುವೆ ನೀರು ಹಾದುಹೋಗುವ ರಭಸವನ್ನು ಹಿಡಿದರೆ ಕಾವೇರಿಯೇ ಸಿಕ್ಕಿದಂತೆಂದು ನಮ್ಮ ನಂಬಿಕೆ. ಹಿಡಿದು, ಕಣ್ಣು ಮುಚ್ಚಿ ಕೇಳಿದ ಮನೆಯವರು, “ಇದು ಹೊಳೆಯೇ? ಹಪ್ಪಳ ಕರಿದ ಹಾಗಿದೆ!” ಎಂದರು. ಅವರೆಂದುದು ನಿಜ. ದೊಡ್ಡ ಹರಿವಿನ ಸದ್ದನ್ನು ಕಣ್ಣಿನ ಸಹಾಯವಿಲ್ಲದೆ ಕೇಳಿದರೆ ಅದು ಮಳೆಯೂ ಆಗಬಹುದು, ಬಾಣಲೆಯ ಎಣ್ಣೆಯೂ ಆಗಬಹುದು. ಹುಡುಗನು ನಕ್ಕು, ಸೋಪಾನದ ಕೊನೆಯ ಮೆಟ್ಟಿಲಿಗೆ ಇಳಿದು, ಕಲ್ಲಿನ ಸಂದಿಗೆ ನೀರು ನುಗ್ಗಿ ‘ಗುಳುಕ್’ ಎಂದು ಹಿಂಜರಿಯುವೆಡೆಯಲ್ಲಿ ಗೇಣುದೂರಕ್ಕೆ ಮೈಕನ್ನು ಹಿಡಿದನು. ಆ ಸಣ್ಣ ಸದ್ದನ್ನು ಮುಂದಿಟ್ಟು, ಸೇತುವೆಯ ಭೋರ್ಗರೆತವನ್ನು ಅದರ ಹಿಂದೆ ಮೆಲ್ಲಗೆ ಕೂಡಿಸಿದಾಗ ಹೊಳೆ ಹೊಳೆಯಾಯಿತು. ಇನ್ನೊಂದು ಸಂಗತಿಯನ್ನೂ ಅಂದು ತಿಳಿದೆವು. ಮೇಲ್ಗಡೆ ಕೃಷ್ಣರಾಜಸಾಗರದಲ್ಲಿ ಎಷ್ಟು ನೀರು ಬಿಟ್ಟರೆ ಇಲ್ಲಿ ಕಾವೇರಿಗೆ ಅಷ್ಟೇ ಗಂಟಲು. ಒಂದು ದಿನದ ಹೊಳೆ ಇನ್ನೊಂದು ದಿನ ದೊರೆಯುವುದಿಲ್ಲ.

ಬೆಳಕು ಹರಿಯುತ್ತ ಕಾಗೆ, ಗೊರವಂಕ, ಗಿಳಿಗಳ ಗದ್ದಲವೂ, ಎಲ್ಲಿಯೋ ಪೊದೆಯೊಳಗಿಂದ ಕೆಂಬೂತದ ಗಂಭೀರವಾದ ‘ಊಪ್ ಊಪ್’ ಎಂಬ ಕೂಗೂ ದೊರೆತವು. ೧೯೪೦ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟು ಸಮೀಪದಲ್ಲಿಯೇ ಇರುವುದರಿಂದ ಅಲ್ಲಿಗೂ ಹೋದೆವು. ಅಲ್ಲಿನ ಬಣ್ಣದ ಕೊಕ್ಕರೆಗಳಿಗೆ ಹೇಳಿಕೊಳ್ಳುವಂಥ ಕಂಠವಿಲ್ಲ. ಗೂಡಿನ ಮೇಲೆ ನಿಂತು ಕೊಕ್ಕನ್ನು ‘ಕಟಕಟ’ ಎಂದು ಬಡಿಯುವುದೇ ಅವುಗಳ ಭಾಷೆ. ನಾವು ಇಷ್ಟು ವರ್ಷ ಅವುಗಳ ಬಣ್ಣವನ್ನು ನೋಡಿ ಹಿಂದಿರುಗಿದ್ದೆವೇ ಹೊರತು ಈ ಸದ್ದನ್ನು ಗಮನಿಸಿರಲಿಲ್ಲ.

ಹೆಜ್ಜೆಯ ಸದ್ದಿನ ಕೆಲಸ ನಮ್ಮ ಮನೆಯವರ ಪಾಲಿಗೆ ಬಂತು. ಒಂದೇ ಹೆಜ್ಜೆಯನ್ನು ಹಿಡಿದು ಮತ್ತೆ ಮತ್ತೆ ಕೇಳಿಸಿದರೆ ಯಂತ್ರ ನಡೆದಂತಾಗುತ್ತದೆ. ಆದಕಾರಣ ಕಲ್ಲು, ಮರಳು, ಕೆಸರು, ಒಣಗಿದ ಎಲೆ, ಮೆಟ್ಟಿಲು ಎಂಬ ಐದು ನೆಲಗಳ ಮೇಲೆ ಎಂಟೆಂಟು ಹೆಜ್ಜೆ, ಒಟ್ಟು ೪೦ ಹೆಜ್ಜೆಗಳು ಬೇಕಾದವು. ಬರಿಗಾಲು ಕಲ್ಲಿನ ಮೇಲೆ ಸದ್ದನ್ನೇ ಮಾಡುವುದಿಲ್ಲ. ಕೊನೆಗೆ ಅವರೇ, “ಹುಡುಗಿ ಅಂದಮೇಲೆ ಕಾಲಿಗೆ ಗೆಜ್ಜೆ ಇರುವುದಿಲ್ಲವೇನೋ?” ಎಂದರು. ಆ ಒಂದು ಮಾತಿನಿಂದ ಆಟದ ನಾಯಕಿಗೆ ಜೀವ ಬಂದಿತು.

ಕರ್ನಲ್ ಬೈಲಿಯ ಬಂದೀಖಾನೆಯಲ್ಲಿ ನಮಗೆ ಬೇಕಾಗಿದ್ದುದು ಪ್ರತಿಧ್ವನಿ. ಕಾವಲುಗಾರರ ಅನುಮತಿಯನ್ನು ಪಡೆದು, ಇಟ್ಟಿಗೆಯ ಕಮಾನಿನ ಕೆಳಗೆ ನಿಂತು ಒಂದೇ ಒಂದು ಚಪ್ಪಾಳೆಯನ್ನು ತಟ್ಟಿ, ಅದು ಅಡಗುವವರೆಗೆ ಹಿಡಿದೆವು. ಆ ಒಂದು ಚಪ್ಪಾಳೆಯಲ್ಲಿ ಆ ಕೋಣೆಯ ಆಕಾರವೆಲ್ಲ ಅಡಗಿರುತ್ತದೆಯಂತೆ. ಲೆಕ್ಕದ ಬಲದಿಂದ ಯಾವ ಹೆಜ್ಜೆಯನ್ನಾದರೂ ಮಾತನ್ನಾದರೂ ಆ ಕೋಣೆಯೊಳಗೆ ಆದಂತೆ ಕೇಳಿಸಬಹುದಂತೆ.

ಸಂಜೆ ಸಂಗಮಕ್ಕೆ ಹೋದೆವು. ಬಿದಿರಿನ ಹರಿಗೋಲಿನ ತಳಕ್ಕೆ ನೀರು ಬಡಿಯುವುದನ್ನೂ, ಹುಟ್ಟಿನ ಸದ್ದನ್ನೂ ಹಿಡಿದಮೇಲೆ, ಅಂಬಿಗನ ಒಂದು ಕೂಗು ಬೇಕೆಂದು ಹುಡುಗ ಕೇಳಿದನು. ಅರವತ್ತರ ಆಚೆಯ ಆ ಮನುಷ್ಯ ಹಿಂದೆಗೆದನು. “ಬುದ್ಧಿ, ನನ್ ದನಿ ತಕೊಂಡೋಗಿ ಏನ್ ಮಾಡ್ತೀರಿ? ಒಂದ್ ಮಾತು ಸಿಕ್ಕಿದ್ರೆ ಸಾಕು, ಆಡ್ದೆ ಇರೋ ನೂರು ಮಾತ ಆಡಿಸ್ತಾರೆ ಅಂತಾನೆ ನನ್ ಮೊಮ್ಮಗ” ಎಂದನು. ಈಗಿನ ಕಾಲಕ್ಕೆ ಅದು ತಳ್ಳಿಹಾಕತಕ್ಕ ಭಯವಲ್ಲ. ಹುಡುಗನು ಒತ್ತಾಯಪಡಿಸಲಿಲ್ಲ. ಆಟದ ಕಥೆಯನ್ನು ಮೊದಲಿನಿಂದ ಹೇಳಿ, “ಈ ಒಂದು ಕೂಗು ಈ ಒಂದು ಆಟದಲ್ಲಿ ಮಾತ್ರ ಇರುತ್ತದೆ; ಕೊನೆಯಲ್ಲಿ ನಿಮ್ಮ ಹೆಸರನ್ನು ಹೇಳುತ್ತೇವೆ; ಕೇಳಿ ಹಿಡಿಸದಿದ್ದರೆ ನಿಮ್ಮೆದುರಿಗೇ ಅಳಿಸುತ್ತೇನೆ” ಎಂದನು. ಅಂಬಿಗನು ಸ್ವಲ್ಪ ಹೊತ್ತು ಹೊಳೆಯನ್ನು ನೋಡುತ್ತಿದ್ದು, ಎದ್ದು ನಿಂತು, “ಬನ್ರವ್ವಾ ಬನ್ರೀ, ಹೊಳೆ ದಾಟೋರು ಬನ್ರೀ!” ಎಂದು ಕೂಗಿದನು. ಅದನ್ನು ಅವನಿಗೇ ಕೇಳಿಸಿದಾಗ ಬೆರಗಾಗಿ, “ಇದು ನಂದಲ್ಲ, ನಮ್ಮಪ್ಪನ್ ಗಂಟ್ಲು!” ಎಂದನು. ನಮ್ಮ ದನಿಯು ನಮಗೆ ತಲೆಯ ಎಲುಬಿನ ಮೂಲಕವೂ ಕೇಳುವುದರಿಂದ, ಹೊರಗಿನಿಂದ ಕೇಳಿದಾಗ ಬೇರೆಯಾಗಿ ತೋರುತ್ತದೆ. ಈ ಕಾರಣವನ್ನು ನಾವು ಹೇಳಹೋಗಲಿಲ್ಲ. “ಇರ್ಲಿ ಬುದ್ಧಿ, ಅಳಿಸ್ಬೇಡಿ” ಎಂದು ಅವನೇ ಹೇಳಿದನು.

ಮೂರನೆಯ ದಿನಕ್ಕೆ ಉಳಿದದ್ದು ರಾಟೆಯೊಂದೇ. ಯಾವುದಾದರೂ ಹಳೆಯ ರಾಟೆ ಸಾಲದೆ ಎಂದು ನಾವು ಕೇಳಿದಾಗ ಹುಡುಗ ಬಹಳ ಹೊತ್ತು ಸುಮ್ಮನಿದ್ದು, ಅದುವರೆಗೆ ನಮಗೆ ಹೇಳದಿದ್ದ ಒಂದು ಸಂಗತಿಯನ್ನು ಹೇಳಿದನು. ಕಣ್ಣು ಹೋದ ಹೊಸತರಲ್ಲಿ ಅವನನ್ನು ಇದೇ ಊರಿನಲ್ಲಿ, ತಾಯಿಯ ತಂದೆಯ ಮನೆಯಲ್ಲಿ, ಒಂದು ವರ್ಷ ಬಿಟ್ಟಿದ್ದರು. ಬೀದಿಯಲ್ಲಿ ಒಬ್ಬನೇ ನಡೆಯಲು ಹೆದರುತ್ತಿದ್ದ ಹುಡುಗನಿಗೆ ಅಜ್ಜಿ, “ನೀನು ಬೀದಿಯ ಕೊನೆಯವರೆಗೆ ಹೋಗು. ನಾನು ನೀರು ಸೇದುತ್ತಿರುತ್ತೇನೆ. ಆ ಸದ್ದಿಗೆ ಬಾ” ಎನ್ನುತ್ತಿದ್ದರಂತೆ. ಬೇಡದ ನೀರನ್ನು ಸೇದಿ ಸೇದಿ ಗಿಡಗಳಿಗೆ ಹಾಕುತ್ತಿದ್ದರಂತೆ. ಅವನು ಊರಿನಲ್ಲಿ ಮತ್ತೆ ನಡೆಯಲು ಕಲಿತದ್ದು ಹಾಗೆ. ಅಜ್ಜಿ ತೀರಿಕೊಂಡು ಹನ್ನೆರಡು ವರ್ಷವಾಯಿತು. ಮನೆ ಪರರ ಪಾಲಾಯಿತು.

ಆ ಮನೆಯ ಬಾಗಿಲನ್ನು ನಾವು ಸಂಕೋಚದಿಂದಲೇ ತಟ್ಟಿದೆವು. ಬಂದ ಕಾರಣವನ್ನು ಕೇಳಿ ಮನೆಯ ಹಿರಿಯಾಕೆ ನಮ್ಮನ್ನು ಹಿತ್ತಲಿಗೆ ಕರೆದೊಯ್ದರು. ಬಾವಿಗೆ ಕಲ್ಲುಚಪ್ಪಡಿ ಮುಚ್ಚಿತ್ತು. ಪಕ್ಕದಲ್ಲಿ ವಿದ್ಯುತ್ ಪಂಪು. ರಾಟೆಯನ್ನು ಎಸೆದಿರಲಿಲ್ಲ, ಅಟ್ಟದ ಮೇಲೆ ಗೋಣಿಚೀಲದಲ್ಲಿ ಸಿಕ್ಕಿತು. ಮನೆಯ ಹುಡುಗರು ಉತ್ಸಾಹದಿಂದ ಚಪ್ಪಡಿಯನ್ನು ಸರಿಸಿ, ಹಳೆಯ ಅಡ್ಡತೊಲೆಗೆ ರಾಟೆಯನ್ನು ಕಟ್ಟಿ, ಹಗ್ಗವನ್ನೂ ಕೊಡವನ್ನೂ ಹೊಂದಿಸಿದರು. ತುಕ್ಕು ಹಿಡಿದ ರಾಟೆ ಕಿರೋ ಎಂದು ಚೀರಿತು. ಯಾರೋ ಎಣ್ಣೆ ತರಲು ಹೋದಾಗ ಹುಡುಗ ಬೇಡವೆಂದನು. ನಾವು ಸೇದಿದೆವು. “ರಾಟೆ ಅದೇ ಚಿಕ್ಕಪ್ಪಾ. ಆದರೆ ಇದಲ್ಲ” ಎಂದನು. ಮನೆಯವರು ಸೇದಿದರು. ಅದೂ ಅಲ್ಲ. ಬಿಸಿಲು ಏರುತ್ತಿತ್ತು; ನಮಗೆಲ್ಲ ಬೇಸರವೂ ಬಂದಿತ್ತು.

ಆಗ ಹಿರಿಯಾಕೆ ಮುಂದೆ ಬಂದು, “ನೀವು ಪಟ್ಟಣವಾಸಿಗಳು, ಒಂದೇ ಸಮನೆ ಎಳೆಯುತ್ತೀರಿ. ಬಾವಿ ಆಳವಿದೆ, ಹಾಗೆ ಎಳೆದರೆ ರಟ್ಟೆ ಬೀಳುತ್ತದೆ” ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಗ್ಗವನ್ನು ಹಿಡಿದರು. ಎರಡು ನೀಳವಾದ ಎಳೆತ, ಒಂದು ನಿಲುಗಡೆ. ಮತ್ತೆ ಎರಡು ಎಳೆತ, ಒಂದು ನಿಲುಗಡೆ. ನಿಂತಾಗ ಕೊಡದಿಂದ ನೀರು ತುಳುಕಿ ಕೆಳಗೆ ಬಾವಿಯಲ್ಲಿ ಬೀಳುವ ಸದ್ದು. ಯಂತ್ರವನ್ನು ಹಿಡಿದಿದ್ದ ಹುಡುಗನು ಅಲುಗಾಡಲಿಲ್ಲ. ಕೊಡ ಮೇಲೆ ಬಂದು ಕಟ್ಟೆಯ ಮೇಲೆ ಕುಳಿತಮೇಲೂ ಅವನು ಹೆಡ್‌ಫೋನನ್ನು ತೆಗೆಯಲಿಲ್ಲ. ಆಕೆ ಏನನ್ನೂ ಕೇಳದೆ, ಇನ್ನೊಂದು ಕೊಡ ಸೇದಿದರು.

ಹಿಂದಿರುಗುವಾಗ ರೈಲ್ವೆ ಹಳಿಯ ಬಳಿ, ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು ಕಂಡೆವು. ಜೋಡಿ ಹಳಿಗೆ ಎಡೆಮಾಡುವುದಕ್ಕಾಗಿ ೨೦೧೭ರಲ್ಲಿ ಆ ಕಟ್ಟಡವನ್ನು ಇಡಿಯಾಗಿ ಎತ್ತಿ, ಸ್ವಲ್ಪ ದೂರಕ್ಕೆ ಸರಿಸಿ ನಿಲ್ಲಿಸಿದರು. ಕಲ್ಲುಗಾರೆಯ ಕಟ್ಟಡವನ್ನು ಉಳಿಸುವುದಕ್ಕೆ ಇಷ್ಟು ಶ್ರಮವನ್ನು ವಹಿಸಿದುದು ಸ್ತುತ್ಯವೇ. ಆದರೆ ಒಂದು ಬೀದಿಯ ಸದ್ದು ಯಾವ ದಿನ ನಿಂತಿತೆಂಬುದು ಯಾರ ದಫ್ತರದಲ್ಲಿಯೂ ದಾಖಲಾಗುವುದಿಲ್ಲ. ಪಂಪು ಬಂದ ದಿನ ರಾಟೆ ಸುಮ್ಮನಾಯಿತು, ಅಷ್ಟೇ.

ಎಲ್ಲವನ್ನೂ ನಾವೇ ತಂದೆವೆಂದು ಹೇಳಿಕೊಳ್ಳುವಂತಿಲ್ಲ. ಫಾಲ್ಗುಣದಲ್ಲಿ ಗುಡುಗೆಲ್ಲಿ ಸಿಕ್ಕೀತು? ಅದನ್ನು ಹುಡುಗನು ಧ್ವನಿಭಂಡಾರದಿಂದಲೇ ತೆಗೆದುಕೊಂಡನು. “ಗುಡುಗಿಗೆ ದೇಶವಿಲ್ಲ ಚಿಕ್ಕಮ್ಮಾ, ಹಕ್ಕಿಗಿದೆ” ಎಂಬುದು ಅವನ ಸಿದ್ಧಾಂತ. ದೂರದ ಕುದುರೆಯ ಗೊರಸಿಗೆ ನಮ್ಮ ಅಡಿಗೆಮನೆಯ ಎರಡು ತೆಂಗಿನ ಚಿಪ್ಪುಗಳೂ, ಬೆಂಕಿ ಚಿಟಿಗುಟ್ಟುವುದಕ್ಕೆ ಮಿಠಾಯಿಯ ಹೊದಿಕೆಯ ಕಾಗದವೂ ಸಾಕಾದವು. ಅಮೆರಿಕದ ಚಲಚ್ಚಿತ್ರಗಳಲ್ಲಿ ಜ್ಯಾಕ್ ಫೋಲಿ ಎಂಬವರಿಂದ ಹೆಸರು ಪಡೆದ ವಿದ್ಯೆಯಿದು. ಎಲ್ಲಿ ಎರವಲು ಸಾಕು, ಎಲ್ಲಿ ನಾವೇ ನಡೆದುಹೋಗಿ ತರಬೇಕು ಎಂಬುದನ್ನು ತಿಳಿಯುವುದರಲ್ಲಿಯೇ ಈ ಕೆಲಸದ ಹದವಿರುವಂತೆ ತೋರುತ್ತದೆ.

ಯುಗಾದಿಯ ಮರುವಾರ ಮೇಷ್ಟರು ಮತ್ತೆ ನಮ್ಮ ಮನೆಗೆ ಬಂದು ಆಟಕ್ಕೆ ಕುಳಿತರು. ನಾವು ಅವರ ಮುಖವನ್ನೇ ನೋಡುತ್ತಿದ್ದೆವು. ಹೊಳೆ ದಾಟುವಾಗ ಅವರ ತಲೆ ಹರಿಗೋಲಿನೊಡನೆ ತೂಗಿತು. ಬಂದೀಖಾನೆಯ ಬಳಿ ದಾರಿ ತಪ್ಪಿ ಎರಡು ಸಲ ಹಿಂದಿರುಗಿದರು. ಆಮೇಲೆ ಒಂದು ಕಡೆ ನಿಂತು, ಮುಖವನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ ಆಲಿಸಿ, “ಯಾರೋ ನೀರು ಸೇದುತ್ತಿದ್ದಾರೆ” ಎಂದರು. ಮುಂದೆ ಅವರಿಗೆ ದಾರಿ ತಪ್ಪಲಿಲ್ಲ. ಆಟ ಮುಗಿದಮೇಲೆ ಅಂಬಿಗನ ಹೆಸರೂ, ಆ ಹಿರಿಯಾಕೆಯ ಹೆಸರೂ, ಗುಡುಗನ್ನು ದಾನಮಾಡಿದ ಪರದೇಶದ ಅಪರಿಚಿತನ ಹೆಸರೂ ಕೇಳಿಬಂದವು. ಮೇಷ್ಟರು ಕೊನೆಯವರೆಗೂ ಕೇಳಿ, ಹೆಡ್‌ಫೋನನ್ನು ಹುಡುಗನ ಕೈಗೆ ಕೊಟ್ಟು, “ಮನೆ ಸಿಕ್ಕಿತಪ್ಪಾ” ಎಂದರು.

ವಾಚಕರು ಈ ಸಲ ಶ್ರೀರಂಗಪಟ್ಟಣಕ್ಕೆ ಹೋದಾಗ ಸೋಪಾನದ ಕೊನೆಯ ಮೆಟ್ಟಿಲಲ್ಲಿ ಕುಳಿತು ಎರಡು ನಿಮಿಷ ಕಣ್ಣು ಮುಚ್ಚಿಕೊಂಡಿರಬೇಕೆಂದು ನಮ್ಮ ವಿಜ್ಞಾಪನೆ. ಅಷ್ಟು ದೂರ ಹೋಗಲು ಅನುಕೂಲವಿಲ್ಲದವರು ತಮ್ಮ ಮನೆಯಲ್ಲಿಯೇ ಒಂದು ಸಂಜೆ ಹಾಗೆ ಕುಳಿತು, ಯಾವ ಸದ್ದಿನಿಂದ ತಮ್ಮ ಮಕ್ಕಳು ಮುಂದೆ ಈ ಮನೆಯನ್ನು ಗುರುತು ಹಿಡಿದಾರು ಎಂಬುದನ್ನು ಆಲಿಸಬಹುದು.